ಕ್ರೀಡಾ ಗಾಯಗಳ ಪುನಶ್ಚೇತನ: ಪರಾಮರ್ಶನ ಗ್ರಂಥದ ಆಯ್ಕೆ ಕುರಿತು ಮಾಹಿತಿ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರು, ತರಬೇತುದಾರರು, ಫಿಜಿಯೋಥೆರಪಿಸ್ಟರು ಹಾಗೂ ಗ್ರಂಥಾಲಯಗಳಿಗೆ ಪುಸ್ತಕ ಆಯ್ಕೆ ಮಾಡುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಆಟದಲ್ಲಿ ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ಹೇಗೋ ದೊರೆಯುತ್ತದೆ. ಆದರೆ ಅವರು ಪುನಃ ಅಂಕಣಕ್ಕೆ ಇಳಿಯುವವರೆಗೆ ಯಾವ ವ್ಯಾಯಾಮ, ಎಷ್ಟು, ಯಾವಾಗ ಎಂಬುದನ್ನು ತಿಳಿಸುವವರು ತಾಲ್ಲೂಕು ಮಟ್ಟದಲ್ಲಿ ವಿರಳ. ಒಂದು ಉತ್ತಮ ಗ್ರಂಥವು ಈ ಕೊರತೆಯನ್ನು ಭಾಗಶಃ ನೀಗಿಸಬಲ್ಲದು. ಹಳತಾದ ಗ್ರಂಥವು ಹಾನಿಯನ್ನೂ ಮಾಡಬಲ್ಲದು.

ಆವೃತ್ತಿಯ ವರ್ಷ ಏಕೆ ಮುಖ್ಯ?

ಉಳುಕಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ ಮತ್ತು ಕಾಲನ್ನು ಎತ್ತರದಲ್ಲಿ ಇರಿಸುವುದು ಎಂಬ ‘ರೈಸ್’ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರು 1978ರಲ್ಲಿ ಪ್ರಚುರಪಡಿಸಿದರು. ಮಂಜುಗಡ್ಡೆ ಮತ್ತು ಸಂಪೂರ್ಣ ವಿಶ್ರಾಂತಿಯಿಂದ ಗುಣವಾಗುವುದು ತಡವಾಗಬಹುದೆಂದು ಅವರೇ 2014ರಲ್ಲಿ ಬರೆದರು. ಈಗಿನ ಪಠ್ಯಗಳು ಮೊದಲ ಕೆಲವು ದಿನಗಳ ನಂತರ ನೋವು ತಡೆಯುವ ಮಿತಿಯಲ್ಲಿ ಕೀಲನ್ನು ಆಡಿಸುವುದಕ್ಕೆ, ಕ್ರಮೇಣ ಭಾರ ಹೊರಿಸುವುದಕ್ಕೆ ಒತ್ತು ನೀಡುತ್ತವೆ. ಎರೆಮಣ್ಣಿನ ಮೈದಾನವು ಬೇಸಿಗೆಯಲ್ಲಿ ಬಿರುಕು ಬಿಡುವ ಈ ಭಾಗದಲ್ಲಿ ಪಾದದ ಕೀಲಿನ ಉಳುಕು ಸಾಮಾನ್ಯವಾದುದರಿಂದ, ಆಯ್ಕೆದಾರರು ಮೊದಲು ಈ ಅಧ್ಯಾಯವನ್ನೇ ತೆರೆದು ನೋಡುವುದು ಸೂಕ್ತ.

ತಲೆಪೆಟ್ಟಿನ ವಿಷಯವೂ ಹಾಗೆಯೇ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಸಮ್ಮೇಳನದ ಒಮ್ಮತದ ಹೇಳಿಕೆಯು 2023ರಲ್ಲಿ ಪ್ರಕಟವಾಗಿದೆ. ಮಿದುಳಿಗೆ ಆಘಾತವಾಗಿರುವ ಶಂಕೆಯಿದ್ದಲ್ಲಿ ಅದೇ ದಿನ ಆಟಕ್ಕೆ ಮರಳಕೂಡದು, ಮೊದಲ 24ರಿಂದ 48 ಗಂಟೆಗಳ ಮಿತ ವಿಶ್ರಾಂತಿಯ ನಂತರ ಲಘು ಚಟುವಟಿಕೆ ಆರಂಭಿಸಬಹುದು ಎಂಬುದು ಅದರ ಸಾರ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವಂತೆ ಹೇಳುವ ಪುಸ್ತಕವನ್ನು ಕೊಳ್ಳಬೇಕಾಗಿಲ್ಲ. ಇದಕ್ಕಿಂತ ಹಿಂದಿನ ಗ್ರಂಥವು ಈಗಾಗಲೇ ಕಪಾಟಿನಲ್ಲಿದ್ದರೆ, ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಈ ಹೇಳಿಕೆಯ ಪ್ರತಿಯನ್ನು ಅದರೊಂದಿಗೆ ಇರಿಸಬಹುದು.

ವಾರಗಳ ಲೆಕ್ಕವೋ, ಸಾಮರ್ಥ್ಯದ ಪರೀಕ್ಷೆಯೋ?

ಕಬಡ್ಡಿಯಲ್ಲಿ ದಾಳಿಗಾರನ ಪಾದವನ್ನು ಎದುರಾಳಿಗಳು ಹಿಡಿದಿರುವಾಗಲೇ ಆತನ ದೇಹ ತಿರುಗುತ್ತದೆ. ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿಯುವುದಕ್ಕೆ ಇಂತಹ ಒಂದು ಕ್ಷಣ ಸಾಕು. ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲಿನ ಮರುಗಾಯದ ಪ್ರಮಾಣವು ಶೇ. 51ರಷ್ಟು ಕಡಿಮೆಯಾಗಿರುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿದೆ. ಅವಧಿಯೊಂದೇ ಸಾಲದು. ತೊಡೆಯ ಮುಂಭಾಗದ ಸ್ನಾಯುವಿನ ಬಲವು ಎರಡೂ ಕಾಲುಗಳಲ್ಲಿ ಬಹುಮಟ್ಟಿಗೆ ಸಮನಾಗಿದೆಯೇ, ಒಂಟಿ ಕಾಲಿನ ಜಿಗಿತದಲ್ಲಿ ವ್ಯತ್ಯಾಸವೆಷ್ಟು ಎಂಬ ಪರೀಕ್ಷೆಗಳನ್ನು ಗ್ರಂಥವು ವಿವರಿಸಿರಬೇಕು. ‘ಇಂತಿಷ್ಟನೇ ವಾರ ಓಟ, ಇಂತಿಷ್ಟನೇ ವಾರ ಆಟ’ ಎಂಬ ಪಟ್ಟಿಯನ್ನು ಮಾತ್ರ ನೀಡುವ ಪುಸ್ತಕವು ಓದಲು ಸುಲಭ. ಜಿಲ್ಲಾ ಮಟ್ಟದ ಪಂದ್ಯ ಹತ್ತಿರವಾದಾಗ ಆ ಪಟ್ಟಿಯನ್ನೇ ಮುಂದಿಟ್ಟು ಗಾಯಾಳುವನ್ನು ಕಣಕ್ಕಿಳಿಸುವುದೂ ಅಷ್ಟೇ ಸುಲಭವಾಗುತ್ತದೆ. ಆದ್ದರಿಂದ ಇದನ್ನು ಆಯ್ಕೆಯ ಮುಖ್ಯ ಮಾನದಂಡವಾಗಿ ಪರಿಗಣಿಸತಕ್ಕದ್ದು.

ಕೆಲವು ಪರಿಚಿತ ಗ್ರಂಥಗಳು

ಬ್ರಕ್ನರ್ ಮತ್ತು ಖಾನ್ ಅವರ ‘ಕ್ಲಿನಿಕಲ್ ಸ್ಪೋರ್ಟ್ಸ್ ಮೆಡಿಸಿನ್’ 1993ರಿಂದ ಪ್ರಕಟವಾಗುತ್ತಿದೆ. ಇದರ 5ನೇ ಆವೃತ್ತಿಯು ಎರಡು ಸಂಪುಟಗಳಾಗಿದ್ದು, ಗಾಯಗಳಿಗೆ ಸಂಬಂಧಿಸಿದ್ದು 2017ರ ಮೊದಲ ಸಂಪುಟ. ಪುನಶ್ಚೇತನದ ಉದ್ದೇಶಕ್ಕೆ ಇದೊಂದೇ ಸಾಕಾಗುತ್ತದೆ. ಕಿಸ್ನರ್ ಮತ್ತು ಕೋಲ್ಬಿ ಅವರ ‘ಥೆರಪ್ಯೂಟಿಕ್ ಎಕ್ಸರ್‌ಸೈಜ್’ ಫಿಜಿಯೋಥೆರಪಿ ವಿದ್ಯಾರ್ಥಿಗಳಿಗೆ ಬಹುಕಾಲದಿಂದ ಪರಿಚಿತ. ವ್ಯಾಯಾಮದ ತತ್ತ್ವ ಮತ್ತು ವಿಧಾನಗಳಿಗೆ ಇದು ಭದ್ರವಾದ ಆಧಾರ, ಆದರೆ ಕ್ರೀಡೆಗೆಂದೇ ಬರೆದದ್ದಲ್ಲ. ಪ್ರೆಂಟಿಸ್ ಅವರ ‘ರಿಹ್ಯಾಬಿಲಿಟೇಶನ್ ಟೆಕ್ನಿಕ್ಸ್ ಫಾರ್ ಸ್ಪೋರ್ಟ್ಸ್ ಮೆಡಿಸಿನ್ ಅಂಡ್ ಅಥ್ಲೆಟಿಕ್ ಟ್ರೈನಿಂಗ್’ ನೇರವಾಗಿ ಇದೇ ವಿಷಯದ್ದಾದರೂ ಅಮೆರಿಕದ ತರಬೇತಿ ವ್ಯವಸ್ಥೆಯನ್ನು ಆಧರಿಸಿದೆ. ಈ ಮೂರೂ ಇಂಗ್ಲಿಷ್ ಗ್ರಂಥಗಳು. ಒಂದನ್ನೇ ಕೊಳ್ಳಲು ಹಣವಿದ್ದಲ್ಲಿ ಮೊದಲನೆಯದನ್ನು ಆರಿಸುವುದು ಲೇಸು. ಖೋ-ಖೋ, ಕಬಡ್ಡಿಗಳಿಗೆ ಅದನ್ನು ಅನ್ವಯಿಸುವಾಗ ಥಟ್ಟನೆ ನಿಲ್ಲುವ, ತಿರುಗುವ ಆಟಗಳ ಭಾಗವನ್ನು ತಾಳೆ ನೋಡಬೇಕಾಗುತ್ತದೆ.

ಖರೀದಿಯಲ್ಲಿ ಗಮನಿಸಬೇಕಾದ ಅಂಶ

ಬೇಡಿಕೆ ಪಟ್ಟಿಗಳಲ್ಲಿ ಪುಸ್ತಕದ ಹೆಸರು ಮಾತ್ರವಿದ್ದು, ಆವೃತ್ತಿಯ ಸಂಖ್ಯೆ ಇಲ್ಲದಿರುವುದು ಪದೇ ಪದೇ ಕಂಡುಬರುತ್ತದೆ. ದರಪಟ್ಟಿ ಕರೆದಾಗ ಕನಿಷ್ಠ ದರ ನಮೂದಿಸಿದವರು ಹಳೆಯ ಆವೃತ್ತಿಯನ್ನು ಸರಬರಾಜು ಮಾಡಿದರೆ ಲೆಕ್ಕಪತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ. ನಷ್ಟವಾಗುವುದು ಆಟಗಾರನ ಮೊಣಕಾಲಿಗೆ. ಆದುದರಿಂದ ಲೇಖಕರು, ಆವೃತ್ತಿ, ಸಂಪುಟ, ವರ್ಷ ಹಾಗೂ 13 ಅಂಕಿಗಳ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಬೇಡಿಕೆಯಲ್ಲಿಯೇ ನಮೂದಿಸತಕ್ಕದ್ದು. ಈ ಸಂಖ್ಯೆಯು 13 ಅಂಕಿಗಳಾಗಿ ಬದಲಾದದ್ದು ಜನವರಿ 2007ರಲ್ಲಿ. ಕೇವಲ 10 ಅಂಕಿಗಳಿರುವ ಪ್ರತಿ ಕೈಗೆ ಬಂದರೆ ಅದು ಅದಕ್ಕಿಂತ ಹಿಂದಿನದೆಂದು ತಿಳಿದು, ಬಿಲ್ಲು ಪಾಸು ಮಾಡುವ ಮುನ್ನ ವಿಚಾರಿಸುವುದು.

ಗ್ರಂಥದಲ್ಲಿನ ವ್ಯಾಯಾಮ ಕ್ರಮವನ್ನು ಶಸ್ತ್ರಚಿಕಿತ್ಸೆ ಆದವರಿಗೆ ಅಥವಾ ಮೂಳೆ ಮುರಿದವರಿಗೆ ಶಿಕ್ಷಕರು ತಾವಾಗಿಯೇ ಮಾಡಿಸಕೂಡದು. ಸಂಬಂಧಪಟ್ಟ ಪುಟಗಳನ್ನು ಗುರುತಿಸಿಕೊಂಡು ಗಾಯಾಳುವಿನೊಂದಿಗೆ ವೈದ್ಯರಲ್ಲಿಗೆ ಅಥವಾ ಫಿಜಿಯೋಥೆರಪಿಸ್ಟರಲ್ಲಿಗೆ ಹೋಗಿ, ಅವರು ಬರೆದುಕೊಟ್ಟ ಕ್ರಮವನ್ನು ಕನ್ನಡದಲ್ಲಿ ಬರೆದಿಟ್ಟು ಪಾಲಕರಿಗೂ ಒಂದು ಪ್ರತಿ ನೀಡುವುದು.