ನೋವು ತಿಂದ ಡಾಕ್ಟರ್

ಆಪರೇಷನ್ ಆದ್ಮೇಲೆ "ಸ್ವಲ್ಪ ನೋವು ಇದ್ದೇ ಇರತ್ತೆ, ತಡ್ಕೊಳ್ಳಿ" ಅಂತಾರೆ. ವರ್ಷಗಟ್ಟಲೆ ನೋವಿನ ಜೊತೆಗೇ ಬದುಕಿದವರಿಗೆ ಈ ಮಾತು ಸಾಲದು. ಅದು ಜಾನ್ ಬೊನಿಕಾಗೆ ಚೆನ್ನಾಗಿ ಗೊತ್ತಿತ್ತು.

1917ರಲ್ಲಿ ಇಟಲಿಯ ಪುಟ್ಟ ದ್ವೀಪವೊಂದರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಮೆಡಿಕಲ್ ಓದಿನ ಖರ್ಚಿಗಾಗಿ ಮುಖವಾಡ ಹಾಕ್ಕೊಂಡು ಕುಸ್ತಿ ಆಡಿದರು. ಆ ಪೆಟ್ಟುಗಳು ಜೀವನಪೂರ್ತಿ ಕಾಡಿದವು, ಮತ್ತೆ ಮತ್ತೆ ಆಪರೇಷನ್ ಆದವು. ಎರಡನೇ ಮಹಾಯುದ್ಧದ ಹೊತ್ತಿಗೆ ವಾಷಿಂಗ್ಟನ್ ರಾಜ್ಯದ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಗಾಯ ಮಾಗಿದರೂ ನೋವು ಹೋಗದ ಸೈನಿಕರನ್ನು ಅಲ್ಲಿ ಕಂಡರು. ಒಬ್ಬರಿಂದ ಆಗೋ ಕೆಲಸ ಅಲ್ಲ ಅಂತ ನರತಜ್ಞರು, ಮೂಳೆತಜ್ಞರು, ಮನೋವೈದ್ಯರ ಜೊತೆ ಕೂತು ಚರ್ಚಿಸಿದರು. 1953ರಲ್ಲಿ ನೋವಿನ ಚಿಕಿತ್ಸೆ ಬಗ್ಗೆ ದೊಡ್ಡ ಗ್ರಂಥ ಬರೆದರು. 1973ರಲ್ಲಿ ಸಿಯಾಟಲ್ ಹತ್ತಿರ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನಕ್ಕೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು.

ನಿಮಗೋ ಅಮ್ಮನಿಗೋ ಸರ್ಜರಿ ಇದ್ದರೆ, ಹಳೇ ನೋವನ್ನೂ ದಿನಾ ತಗೊಳ್ಳೋ ಮಾತ್ರೆಗಳನ್ನೂ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಓಪಿಯಾಯ್ಡ್ ರೂಢಿಯಾದ ದೇಹಕ್ಕೆ ಮಾಮೂಲಿ ಡೋಸ್ ಸಾಲದೇ ಹೋಗಬಹುದು. ನಮ್ಮಮ್ಮಂದಿರು ಕೇಳಿದರೆ "ಏನಿಲ್ಲ, ಚೆನ್ನಾಗಿದೀನಿ" ಅಂತಾರೆ. ಅದಕ್ಕೇ ಪಟ್ಟಿ ಬರೆದು ಕೈಲಿಟ್ಟುಕೊಂಡು ಹೋಗಿ.