ಗಣಕಪೆಟ್ಟಿಗೆಯಲ್ಲಿ ಗಾಳಿಯ ಮಾರ್ಗ: ಒಂದು ಐತಿಹಾಸಿಕ ವಿವೇಚನೆ

ಬೆಳ್ತಂಗಡಿ ತಾಲೂಕಿನಲ್ಲಿ ಪಶ್ಚಿಮ ಘಟ್ಟದ ಬುಡದಲ್ಲಿರುವ ನೆರಿಯದಂತಹ ಗ್ರಾಮಗಳಲ್ಲಿಯೂ ಮೇಜಿನ ಗಣಕಯಂತ್ರವು ಈಗ ಅಪರೂಪದ ವಸ್ತುವಲ್ಲ. ಬೇಸಗೆಯ ಮಧ್ಯಾಹ್ನಗಳಲ್ಲಿ ಈ ಯಂತ್ರವು ಅತಿಯಾಗಿ ಕಾದರೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುವುದೂ, ಒಮ್ಮೊಮ್ಮೆ ನಿಂತೇಹೋಗುವುದೂ ಉಂಟು. ಆಗ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೊಂದು ಫ್ಯಾನನ್ನು ಕೂಡಿಸಬೇಕು. ಈ ಸಲಹೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಯಂತ್ರದ ಇತಿಹಾಸದ ಆಧಾರದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗಾಳಿಗೆ ದಾರಿಮಾಡಿಕೊಡುವ ಪ್ರಶ್ನೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹೆಂಚಿನ ಮಾಡುಳ್ಳ ಮನೆಯಲ್ಲಿ ಗಾಳಿಯು ಬಾಗಿಲು ಕಿಟಕಿಗಳಿಂದ ಒಳಬಂದು, ಬಿಸಿಯಾಗಿ ಮೇಲೇರಿ, ಹೆಂಚುಗಳ ಸಂದುಗಳಿಂದ ಹೊರಬೀಳುತ್ತದೆ. ಒಳಬರುವ ದಾರಿ, ಹೊರಹೋಗುವ ದಾರಿ, ಇವೆರಡರ ನಡುವೆ ಅಡ್ಡಿಯಿಲ್ಲದ ಎಡೆ, ಈ ಮೂರರಲ್ಲಿ ಒಂದು ಇಲ್ಲವಾದರೂ ಮನೆಯೊಳಗೆ ಸೆಕೆ ನಿಲ್ಲುತ್ತದೆ. ಗಣಕಪೆಟ್ಟಿಗೆಗೂ ಇದೇ ನಿಯಮವು ಅನ್ವಯಿಸುತ್ತದೆ. ಆದರೆ ಅಲ್ಲಿ ಸ್ಥಳವು ಸಂಕುಚಿತವೂ ಶಾಖವು ಅಧಿಕವೂ ಆಗಿರುವುದರಿಂದ ಗಾಳಿಯನ್ನು ಫ್ಯಾನಿನಿಂದ ನಡೆಸಬೇಕಾಗುತ್ತದೆ.

ಗಣಕಯಂತ್ರಕ್ಕೆ ಶಾಖದ ಬಾಧೆಯು ಹುಟ್ಟಿನಿಂದಲೇ ಬಂದುದು. 1946ರಲ್ಲಿ ಫಿಲಡೆಲ್ಫಿಯದಲ್ಲಿ ಪ್ರಕಟವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದು, ಅವುಗಳನ್ನು ತಣಿಸಲು ಗಾಳಿಯನ್ನು ಬಲವಂತವಾಗಿ ಹಾಯಿಸಬೇಕಾಗಿತ್ತು. ಇದಕ್ಕೆ ಪ್ರತಿಯಾಗಿ 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನ ವಿದ್ಯುತ್ ಪೂರೈಕೆಯ ಸಾಮರ್ಥ್ಯವು ಕೇವಲ 63.5 ವಾಟ್, ಆ ಪೂರೈಕೆಯ ಡಬ್ಬಿಯೊಳಗಿನ ಒಂದೇ ಫ್ಯಾನು ಇಡೀ ಪೆಟ್ಟಿಗೆಗೆ ಸಾಕಾಗಿತ್ತು. ಪ್ರೊಸೆಸರುಗಳ ಶಕ್ತಿ ಹೆಚ್ಚಿದಂತೆ ಈ ಸುಸ್ಥಿತಿಯು ಉಳಿಯಲಿಲ್ಲ.

1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ವಿನ್ಯಾಸಕ್ರಮವನ್ನು ಹೊರಡಿಸಿತು. ಅದರ ಮೊದಲ ರೂಪದಲ್ಲಿ ವಿದ್ಯುತ್ ಪೂರೈಕೆಯ ಫ್ಯಾನು ಹೊರಗಿನ ಗಾಳಿಯನ್ನು ಸೆಳೆದು ಪ್ರೊಸೆಸರಿನ ಮೇಲೆ ಬೀಸಬೇಕೆಂಬ ಯೋಜನೆಯಿತ್ತು. ಒಂದೇ ಫ್ಯಾನಿನಿಂದ ಎರಡು ಕೆಲಸವಾಗಲೆಂಬುದು ಇದರ ಆಶಯ. ಆದರೆ ಆ ಗಾಳಿಯು ಪೂರೈಕೆಯ ಡಬ್ಬಿಯಲ್ಲಿಯೇ ಬಿಸಿಯಾಗಿ ಪ್ರೊಸೆಸರನ್ನು ತಲುಪುತ್ತಿತ್ತು. ಆದುದರಿಂದ ಮುಂದೆ ದಿಕ್ಕನ್ನೇ ತಿರುಗಿಸಿ, ಆ ಫ್ಯಾನು ಬಿಸಿಗಾಳಿಯನ್ನು ಹೊರದೂಡುವಂತೆ ಮಾಡಲಾಯಿತು. ಇಲ್ಲಿ ಬದಲಾದುದು ಫ್ಯಾನುಗಳ ಸಂಖ್ಯೆಯಲ್ಲ, ಗಾಳಿಯ ಮಾರ್ಗ ಎಂಬುದು ಗಮನಾರ್ಹ.

2004ರ ವೇಳೆಗೆ ಪೆಂಟಿಯಂ 4 ಪ್ರೊಸೆಸರುಗಳ ಶಾಖವು 100 ವಾಟನ್ನು ಮೀರಿತು. ಆಗ ಇಂಟೆಲ್ ಮುಂದಿಟ್ಟ ಬಿಟಿಎಕ್ಸ್ ಕ್ರಮದಲ್ಲಿ ಗಾಳಿಯು ಮುಂಭಾಗದಿಂದ ಬಂದು, ನೇರವಾಗಿ ಪ್ರೊಸೆಸರನ್ನು ಹಾದು ಹಿಂಭಾಗದತ್ತ ಸಾಗುವಂತೆ ಅಂಗಗಳನ್ನು ಜೋಡಿಸಲಾಗಿತ್ತು. ತತ್ತ್ವತಃ ಇದು ಉತ್ತಮ ಕ್ರಮವೇ ಸರಿ. ಆದರೂ 2006ರಲ್ಲಿ ಕಡಿಮೆ ಶಾಖದ ಕೋರ್ 2 ಪ್ರೊಸೆಸರುಗಳು ಬಂದ ಮೇಲೆ ಅದರ ಆವಶ್ಯಕತೆ ಕುಗ್ಗಿತು. ಇಂಟೆಲ್ ಅದನ್ನು ಕೈಬಿಟ್ಟಿತು. ಪೆಟ್ಟಿಗೆಗಳು ಹಳೆಯ ಎಟಿಎಕ್ಸ್ ಮಾದರಿಯಲ್ಲಿಯೇ ಉಳಿದುವು. ಹೀಗಾಗಿ ಗಾಳಿಯ ಮಾರ್ಗವನ್ನು ಯೋಜಿಸುವ ಹೊಣೆಯು ಬಹುಮಟ್ಟಿಗೆ ಪೆಟ್ಟಿಗೆಯನ್ನು ಜೋಡಿಸುವವನ ಪಾಲಿಗೆ ಬಂದಿತು.

ದ್ರವದಿಂದ ತಣಿಸುವ ಕ್ರಮವು ಬಂದಾಗಲೂ ಈ ಹೊಣೆ ತಪ್ಪಲಿಲ್ಲ. 2004ರಲ್ಲಿ ಆಪಲ್ ಸಂಸ್ಥೆಯ ಪವರ್ ಮ್ಯಾಕ್ ಜಿ5ರ ಒಂದು ಮಾದರಿಯು ಈ ಕ್ರಮವನ್ನು ಅಳವಡಿಸಿಕೊಂಡಿತು. ದ್ರವವು ಶಾಖವನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಒಯ್ಯುತ್ತದೆಯೇ ಹೊರತು ಅದನ್ನು ನಾಶಮಾಡುವುದಿಲ್ಲ. ಕಡೆಗೆ ಅದನ್ನು ಹೊರಕ್ಕೆ ಸಾಗಿಸಬೇಕಾದುದು ಗಾಳಿಯೇ. ರೇಡಿಯೇಟರನ್ನು ಮುಂಭಾಗದಲ್ಲಿ ಒಳಮುಖವಾಗಿಟ್ಟರೆ ಅದಕ್ಕೆ ಕೋಣೆಯ ತಂಪುಗಾಳಿ ದೊರೆಯುತ್ತದೆ, ಆದರೆ ಬಿಸಿಯಾದ ಗಾಳಿ ಪೆಟ್ಟಿಗೆಯೊಳಗೆ ಸೇರುತ್ತದೆ. ಮೇಲ್ಭಾಗದಲ್ಲಿ ಹೊರಮುಖವಾಗಿಟ್ಟರೆ ಒಳಗಿನ ಅಂಗಗಳಿಗೆ ಅನುಕೂಲ, ಆದರೆ ರೇಡಿಯೇಟರಿಗೆ ಆಗಲೇ ಬೆಚ್ಚಗಾದ ಗಾಳಿಯೇ ಗತಿ. ಯಾವ ಅಂಗವು ಹೆಚ್ಚು ಕಾಯುವುದೆಂಬುದನ್ನು ನೋಡಿ ಇವೆರಡರಲ್ಲಿ ಒಂದನ್ನು ಆರಿಸಬೇಕು. ಎಲ್ಲಿಟ್ಟರೂ ಪಂಪು ದ್ರವಮಾರ್ಗದ ಅತ್ಯುನ್ನತ ಸ್ಥಾನದಲ್ಲಿರಬಾರದು. ಏಕೆಂದರೆ ಗುಳ್ಳೆಗಳು ಅಲ್ಲಿಯೇ ಕೂಡಿಕೊಳ್ಳುತ್ತವೆ.

ಬೇಕಾದ ಗಾಳಿಯ ಪ್ರಮಾಣವನ್ನು ಲೆಕ್ಕದಿಂದ ತಿಳಿಯಬಹುದು. 300 ವಾಟ್ ಶಾಖವನ್ನು ಹೊರಸಾಗಿಸುವಾಗ ಗಾಳಿಯ ಉಷ್ಣತೆಯು 10 ಡಿಗ್ರಿಗಿಂತ ಹೆಚ್ಚು ಏರದಿರಬೇಕಾದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹಾಯಬೇಕು. ಹಲವು ಫ್ಯಾನುಗಳಿದ್ದರೂ ಹೊರಬಿದ್ದ ಬಿಸಿಗಾಳಿಯೇ ಮರಳಿ ಒಳಸೇರುವಂತಿದ್ದರೆ ಈ ಲೆಕ್ಕವು ವ್ಯರ್ಥ. ಅಡಕೆಯ ಅಂಗಳದ ಧೂಳು ಬರುವ ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಒಳದೂಡುವ ಗಾಳಿಯು ಹೊರದೂಡುವುದಕ್ಕಿಂತ ತುಸು ಹೆಚ್ಚಾಗಿದ್ದು, ಒಳಬರುವ ಬಾಯಿಗೆ ಸೋಸುಬಲೆಯಿದ್ದರೆ, ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಆದರೆ ಬಲೆಯನ್ನು ಆಗಾಗ ಶುಚಿಗೊಳಿಸದಿದ್ದಲ್ಲಿ ಅದೇ ಗಾಳಿಗೆ ಅಡ್ಡಿಯಾಗುವುದು.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದೇನೆಂದರೆ, ಈ ಇತಿಹಾಸದಲ್ಲಿ ತಪ್ಪುಗಳು ತಿದ್ದಲ್ಪಟ್ಟುದು ಹೆಚ್ಚಾಗಿ ಮಾರ್ಗವನ್ನು ಪುನಃ ಯೋಚಿಸಿದುದರಿಂದ. ಇಂದು ನಮ್ಮ ಕಾಲೇಜುಗಳಲ್ಲಿ ಶಾಸನಗಳ ಪಡಿಯಚ್ಚುಗಳೂ ಓಲೆಗರಿಗಳ ಚಿತ್ರಗಳೂ ಇಂತಹ ಯಂತ್ರಗಳಲ್ಲಿಯೇ ಸಂಗ್ರಹವಾಗುತ್ತಿವೆ. ಹೀಗಿರಲು, ಅವುಗಳನ್ನು ಕಾಯುವ ಯಂತ್ರದ ಆರೋಗ್ಯವನ್ನು ಇತಿಹಾಸದ ವಿದ್ಯಾರ್ಥಿಯು ಅನ್ಯರ ವಿಷಯವೆಂದು ಬಗೆಯಲಾಗದು. ಹೊಸ ಫ್ಯಾನನ್ನು ಕೊಳ್ಳುವುದಕ್ಕೆ ಮೊದಲು ಗಾಳಿಯು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬುದನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಉಚಿತ.