ಗಜನಿ ಭೂಮಿಯ ಕಗ್ಗ ಭತ್ತ: ಆನುವಂಶಿಕ ವೈವಿಧ್ಯದ ಚರಿತ್ರೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ತಲೆಮಾರುಗಳಿಂದ ಬೆಳೆದುಬಂದಿರುವ ಕಗ್ಗ ಭತ್ತಕ್ಕೆ ಉತ್ತರ ಕನ್ನಡದ ಕೃಷಿ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಉಪ್ಪುನೀರನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಈ ತಳಿಯನ್ನು ಮಾಣಿಕಟ್ಟಾ ಮೊದಲಾದ ಗ್ರಾಮಗಳ ರೈತರು ಬೀಜ ಕಾಪಿಟ್ಟು ಉಳಿಸಿಕೊಂಡು ಬಂದಿದ್ದಾರೆ.

ತಳಿಗಳ ಆನುವಂಶಿಕ ವೈವಿಧ್ಯವನ್ನು ಬಹುಕಾಲ ತೆನೆ, ಕಾಳು, ಪೈರಿನ ಎತ್ತರಗಳಿಂದಲೇ ಗುರುತಿಸಲಾಗುತ್ತಿತ್ತು. ಆದರೆ ಇಂತಹ ಲಕ್ಷಣಗಳು ಮಣ್ಣು, ನೀರು, ಹವೆಗಳಿಗೆ ಅನುಗುಣವಾಗಿ ಬದಲಾಗುತ್ತವೆ. 1980ರ ದಶಕದಿಂದ ಸಸ್ಯ ತಳಿವಿಜ್ಞಾನದಲ್ಲಿ ಬಳಕೆಗೆ ಬಂದ ಡಿಎನ್‌ಎ ಗುರುತುಗಳು ಪರಿಸರದ ಪ್ರಭಾವಕ್ಕೆ ಒಳಗಾಗದೆ ವಂಶವಾಹಿಯಲ್ಲಿನ ವ್ಯತ್ಯಾಸವನ್ನೇ ತೋರಿಸುತ್ತವೆ. ಕೇರಳದ ಪೊಕ್ಕಾಳಿ ಭತ್ತದ 1ನೆಯ ವರ್ಣತಂತುವಿನಲ್ಲಿ ಲವಣ ಸಹಿಷ್ಣುತೆಗೆ ಸಂಬಂಧಿಸಿದ ‘ಸಾಲ್ಟಾಲ್’ ಭಾಗ ಪತ್ತೆಯಾದದ್ದು ಇಂತಹ ಗುರುತುಗಳ ನೆರವಿನಿಂದಲೇ.

ಆದರೆ ಲವಣ ಸಹಿಷ್ಣುತೆಯು ಒಂದೇ ಜೀನಿನ ಫಲವಲ್ಲ. ಆದುದರಿಂದ ಪೊಕ್ಕಾಳಿಯ ಗುಣವನ್ನು ಕಗ್ಗಕ್ಕೆ ಆರೋಪಿಸಲಾಗದು. ಅದನ್ನು ಕಗ್ಗದ ಬೀಜವೇ ಹೇಳಬೇಕು. ಕಟ್ಟೆಗಳು ಒಡೆದು, ಸಿಗಡಿ ಕೃಷಿ ಹರಡಿದಂತೆ ಕಗ್ಗದ ಬೇಸಾಯ ಕುಗ್ಗಿದೆ. 2024ರಲ್ಲಿ ಅಘನಾಶಿನಿ ಅಳಿವೆಯು ರಾಮ್ಸಾರ್ ತಾಣವಾಗಿ ಘೋಷಿತವಾಯಿತು. ಇದರೊಡನೆ ಗಜನಿಯ ಬೇಸಾಯವೂ ಉಳಿಯಬೇಕಾದುದು ಅಗತ್ಯ. ಏಕೆಂದರೆ ಗುರುತುಗಳು ಇರುವ ವೈವಿಧ್ಯವನ್ನು ಓದಬಲ್ಲವೇ ಹೊರತು ಅಳಿದುದನ್ನು ಮರಳಿ ತರಲಾರವು.